ಕಾಫಿ ಕಣದಲ್ಲೊಬ್ಬ ಕನ್ಸಲ್ಟೆಂಟ್: ನಂಬಿಕೆ ಎಷ್ಟು, ನಿಜ ಎಷ್ಟು?

ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿ ದಾರಿ ಹಿಡಿದರೆ ಅತ್ತಿಗುಂಡಿ ಸಿಗುತ್ತದೆ. ಶನಿವಾರ, ಭಾನುವಾರ ಬಂದರೆ ಜೀಪು, ಬೈಕುಗಳ ಸಾಲು. ಮಿಕ್ಕ ದಿನ ಮಂಜು, ಅರೇಬಿಕಾ, ಮತ್ತೆ ಮಂಜು. ಇಂಥ ಕಡೆ ‘ತೋಟಕ್ಕೆ ಕನ್ಸಲ್ಟೆಂಟ್ ಬರುತ್ತಾರೆ’ ಎಂದರೆ ಮೊದಲು ಬರುವುದು ನಗು. “ಬೆಂಗಳೂರಲ್ಲಿ ಕಂಪ್ಯೂಟರ್ ಕುಟ್ತಿದ್ದೋರು ನಮಗೇನ್ ಮಾರಾಯ್ರೇ ತೋಟ ಮಾಡೋದು ಹೇಳ್ಕೊಡ್ತಾರೆ?” ಅತ್ತ ಬೆಂಗಳೂರಿನಲ್ಲಿ, ಹದಿನೈದು ವರ್ಷದ ನೌಕರಿ ಬಿಡಬೇಕೆಂದು ಯೋಚಿಸುತ್ತ ಕೂತವರ ಅನುಮಾನ ಬೇರೆ: ಕೈಯಲ್ಲಿ ಎಂಬಿಎ ಇಲ್ಲ, ಕೃಷಿ ಪದವಿಯೂ ಇಲ್ಲ, ಯಾರು ಫೀಸು ಕೊಡುತ್ತಾರೆ?

ಎರಡನೆಯವರ ಅನುಮಾನವನ್ನು ಮೊದಲು ನೋಡೋಣ, ಅದು ಸುಲಭ. ಸಲಹೆ ಕೊಡುವುದನ್ನೇ ಕಸುಬಾಗಿ ಕಟ್ಟಿದವರಲ್ಲಿ ಹಲವರು ಬೇರೆ ಕಸುಬಿನಿಂದ ಬಂದವರು. 1886ರಲ್ಲಿ ಬಾಸ್ಟನ್‌ನಲ್ಲಿ ಸಲಹಾ ಸಂಸ್ಥೆ ತೆರೆದ ಆರ್ಥರ್ ಲಿಟಲ್ ರಸಾಯನಶಾಸ್ತ್ರಜ್ಞ. 1926ರಲ್ಲಿ ತನ್ನ ಹೆಸರಿನ ಸಂಸ್ಥೆ ಶುರು ಮಾಡಿದ ಜೇಮ್ಸ್ ಮೆಕಿನ್ಸಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಲೆಕ್ಕಶಾಸ್ತ್ರದ ಮೇಷ್ಟ್ರು. ಅದನ್ನು ಬೆಳೆಸಿದ ಮಾರ್ವಿನ್ ಬೋವರ್ ವಕೀಲ. ಪೀಟರ್ ಡ್ರಕರ್ ಓದಿದ್ದು ಕಾನೂನು, ಆರಂಭದ ವರ್ಷಗಳಲ್ಲಿ ಮಾಡಿದ್ದು ಪತ್ರಿಕೆಯ ಕೆಲಸ. ‘ನೇರ ದಾರಿ’ ಎಂದು ಇವತ್ತು ಹೇಳುವ ದಾರಿ ಇವರೆಲ್ಲ ನಡೆದ ಮೇಲೆ ಆದದ್ದು.

ಕಾಫಿ ಸೀಮೆಯ ಕತೆ ಇದಕ್ಕಿಂತ ಸ್ವಾರಸ್ಯದ್ದು. ‘ಕಾಫಿಯಲ್ಲಿ ಸಲಹೆಗೆ ದುಡ್ಡು ಕೊಡುವ ಅಭ್ಯಾಸವೇ ನಮ್ಮಲ್ಲಿಲ್ಲ’ ಎನ್ನುವವರಿದ್ದಾರೆ. ಇತ್ತು. ಬ್ರಿಟಿಷರ ಕಾಲದ ದೊಡ್ಡ ಎಸ್ಟೇಟುಗಳಿಗೆ ‘ವಿಸಿಟಿಂಗ್ ಏಜೆಂಟ್’ ಬರುತ್ತಿದ್ದ. ಗಿಡ, ನೆರಳು, ಲೆಕ್ಕದ ಪುಸ್ತಕ ಎಲ್ಲ ನೋಡಿ ಮಾಲೀಕರಿಗೆ ವರದಿ ಬರೆಯುವುದು ಅವನ ಕೆಲಸ. ಹೊರಗಿನವರ ಮಾತು ಕೇಳುವುದೂ ಹೊಸದಲ್ಲ: ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಕೆನಡಾದಿಂದ ಬಂದ ಕೀಟಶಾಸ್ತ್ರಜ್ಞ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದು ಅವರ ಕಾಲದಲ್ಲೇ.

ಆದರೆ ಸಣ್ಣ, ಮಧ್ಯಮ ಬೆಳೆಗಾರರಿಗೆ ಹೊರಗಿನವರ ಸಲಹೆ ಬೇಡವಾಗಿದ್ದಕ್ಕೆ ಕಾರಣವೊಂದಿತ್ತು. 1942ರ ಕಾಫಿ ಕಾಯ್ದೆಯಡಿ ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಹೋಗುತ್ತಿತ್ತು. ಮಾರುವುದು ಮಂಡಳಿ, ಕಂತಿನಲ್ಲಿ ಹಣ ಕೊಡುವುದೂ ಮಂಡಳಿ. ತನ್ನ ಕಾಫಿಯನ್ನು ಯಾರು ಕುಡಿದರು, ಏನಂದರು ಎಂಬುದು ಬೆಳೆಗಾರನಿಗೆ ತಿಳಿಯುವ ದಾರಿಯೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. 1990ರ ದಶಕದಲ್ಲಿ ಪೂಲ್ ಹಂತಹಂತವಾಗಿ ಮುಗಿಯಿತು. ಮೂಟೆ ಮನೆಯಲ್ಲೇ ಉಳಿದು, ವ್ಯಾಪಾರಿ ಬಾಗಿಲಿಗೆ ಬಂದಾಗ ಗುಣಮಟ್ಟವೆಂಬುದು ಚೌಕಾಶಿಯ ಮಾತಾಯಿತು. ಸುನಾಲಿನಿ ಮೆನನ್ ಕಾಫಿ ಮಂಡಳಿಯಲ್ಲಿ ಎರಡು ದಶಕ ದುಡಿದು, ಗುಣಮಟ್ಟ ವಿಭಾಗದ ಮುಖ್ಯಸ್ಥೆಯಾಗಿದ್ದವರು. ಏಷ್ಯಾದ ಮೊದಲ ಮಹಿಳಾ ಕಾಫಿ ರುಚಿ ಪರೀಕ್ಷಕಿ ಎಂದು ಹೆಸರಾದವರು. ಅವರು ಸರ್ಕಾರಿ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಕಾಫಿಯ ಗುಣಮಟ್ಟ ಪರೀಕ್ಷಿಸಿ ಸಲಹೆ ಕೊಡುವ ಕಾಫಿಲ್ಯಾಬ್ ತೆರೆದದ್ದು ಇದೇ ಹೊತ್ತಿನಲ್ಲಿ. ಜನ ಧೈರ್ಯವನ್ನು ಹೊಗಳುತ್ತಾರೆ, ಹೊಗಳಲಿ. ಅವರು ನೋಡಿಕೊಂಡ ಹೊತ್ತನ್ನೂ ಮರೆಯಬಾರದು. ನಾಲಿಗೆ ಮೊದಲಿನಿಂದ ಇತ್ತು, ಅದಕ್ಕೆ ಗಿರಾಕಿ ಹುಟ್ಟಿದ್ದು ಆಗ.

‘ಹಳೆ ಕೆಲಸದ ವರ್ಷಗಳೆಲ್ಲ ನೀರಲ್ಲಿ ಹೋಮ’ ಎಂಬ ಮಾತಿಗೆ ಗದಗ ಜಿಲ್ಲೆಯ ಅಯ್ಯಪ್ಪ ಮಸಗಿ ಒಳ್ಳೆಯ ಉತ್ತರ. ಎಲ್ ಅಂಡ್ ಟಿ ಕಂಪನಿಯಲ್ಲಿ ವರ್ಷಗಟ್ಟಲೆ ಮೆಕ್ಯಾನಿಕಲ್ ಕೆಲಸ ಮಾಡಿದ ಮನುಷ್ಯ ಮಳೆನೀರು ಇಂಗಿಸುವ ಸಲಹೆಗಾರರಾದರು. ಮಾತಿಗೆ ಮೊದಲು ವೀರಾಪುರದಲ್ಲಿ ಆರು ಎಕರೆ ಕೊಂಡು ಸ್ವಂತ ದುಡ್ಡಿನಲ್ಲಿ ಪ್ರಯೋಗ ಮಾಡಿದರು. ಗದಗದ ಬಿಸಿಲಿನಲ್ಲಿ ಅವರು ನೆಡಲು ಹೊರಟ ಗಿಡಗಳಲ್ಲಿ ಕಾಫಿಯೂ ಒಂದು ಎಂದರೆ ಅತ್ತಿಗುಂಡಿಯವರು ನಕ್ಕಾರು! ಬರವೂ ಬಂತು, ನೆರೆಯೂ ಬಂತು. ಆ ಏಟುಗಳಿಂದಲೇ ನೀರು ಹಿಡಿದಿಡುವ ಲೆಕ್ಕ ಕಲಿತು, 2005ರಲ್ಲಿ ಜಲಸಾಕ್ಷರತಾ ಪ್ರತಿಷ್ಠಾನ ಕಟ್ಟಿದರು. ನೀರು ಎಲ್ಲಿಂದ ಬಂತು, ಎಲ್ಲಿ ಸೋರಿತು ಎಂದು ಹುಡುಕುವ ಬುದ್ಧಿ ಎಂಜಿನಿಯರನದು. ಹೊಲ ಮಾತ್ರ ಹೊಸದು.

ಹಾಗಾದರೆ ಪದವಿಯೇ ಬೇಡವೇ? ಇದೂ ತಪ್ಪು ಕಲ್ಪನೆ, ಮೊದಲನೆಯದಕ್ಕಿಂತ ಅಪಾಯದ್ದು. ಕಾಫಿಗೆ ಪಾಯಿಂಟು ಕೊಡುವ ಕ್ಯೂ ಗ್ರೇಡರ್ ಪರೀಕ್ಷೆ ಮೂಗು, ನಾಲಿಗೆಯನ್ನು ಪರೀಕ್ಷಿಸುತ್ತದೆ, ಅಂಕಪಟ್ಟಿಯನ್ನಲ್ಲ. ಆದರೆ 2002ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಅಗ್ರಿ ಕ್ಲಿನಿಕ್ ಯೋಜನೆಯ ತರಬೇತಿ, ಸಬ್ಸಿಡಿ ಬೇಕೆಂದರೆ ಕೃಷಿ ಅಥವಾ ಅದಕ್ಕೆ ಹತ್ತಿರದ ಓದು ಇರಬೇಕು. ಕೀಟನಾಶಕ ಮಾರಲು 1968ರ ಕಾಯ್ದೆಯಡಿ ಪರವಾನಗಿ ಬೇಕು. ಸಲಹೆಯನ್ನೂ ಕೊಟ್ಟು ಡಬ್ಬವನ್ನೂ ಮಾರುವವರನ್ನು ಬೆಳೆಗಾರರು ಎರಡು ಸಲ ಅನುಮಾನದಿಂದ ನೋಡುವುದು ಸರಿಯಾಗಿಯೇ ಇದೆ.

ಪದವಿಗಿಂತ ದೊಡ್ಡ ಪರೀಕ್ಷೆ ತೋಟದೊಳಗಿದೆ. ಹೊರಗಿನಿಂದ ಬಂದವರಿಗೆ ನೆರಳು ದಂಡವೆಂದು ತೋರುವುದುಂಟು: ಬಿಸಿಲು ಬಿಟ್ಟರೆ ಇಳುವರಿ ಹೆಚ್ಚು, ವಿಯೆಟ್ನಾಮಿನಲ್ಲಿ ಹಾಗೆಯೇ ಮಾಡುತ್ತಾರೆ ಎಂಬ ವಾದ. ಅಲ್ಲಿಯದು ಬಹುಪಾಲು ರೋಬಸ್ಟಾ. ಗಿರಿಯ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಕಾಟವಿದೆ. ನಮ್ಮವರು ಬರೀ ‘ಬೋರರ್’ ಎನ್ನುತ್ತಾರೆ. ಏಪ್ರಿಲ್-ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್, ಈ ಎರಡು ಹಂಗಾಮಿನಲ್ಲಿ ಅದರ ದುಂಬಿ ಹಾರುತ್ತದೆ. ಮೊಟ್ಟೆಯಿಡಲು ಅದಕ್ಕೆ ಬಿಸಿಲು ಬಿದ್ದ ಕಾಂಡವೇ ಪ್ರಿಯ. ಅಂದರೆ ಮರಗಸಿ (ನೆರಳು ಮರದ ಕೊಂಬೆ ಸವರುವುದು) ಒಂದು ಕೈ ಹೆಚ್ಚಾದರೆ ಇಳುವರಿ ಹೆಚ್ಚುವ ಬದಲು ಗಿಡ ಕಿತ್ತು ಸುಡುವ ಕೆಲಸ ಹೆಚ್ಚುತ್ತದೆ. ಇದು ಮೇಸ್ತ್ರಿಗೆ ಗೊತ್ತು. ಮೇಸ್ತ್ರಿಯನ್ನು ಕೇಳದೆ ವರದಿ ಬರೆದ ಕನ್ಸಲ್ಟೆಂಟ್‌ಗೆ ಮುಂದಿನ ವರ್ಷದ ಕರೆ ಬರುವುದು ಕಷ್ಟ.

‘ಕಾಫಿ ಮಂಡಳಿ ಬಿಟ್ಟಿ ಹೇಳುವಾಗ ಫೀಸು ಯಾಕೆ?’ ಮಂಡಳಿಯ ವಿಸ್ತರಣಾ ಅಧಿಕಾರಿಗಳು ಸಲಹೆ ಕೊಡುತ್ತಾರೆ, ಮಣ್ಣು ಪರೀಕ್ಷೆಗೂ ವ್ಯವಸ್ಥೆಯಿದೆ. ಅದನ್ನೇ ದುಡ್ಡಿಗೆ ಮಾರಹೊರಟವರಿಗೆ ಅಂಗಡಿ ನಡೆಯದು. ಮಂಡಳಿಯವರು ಮಾಡದ ಕೆಲಸಗಳಿಗೆ ಜಾಗವಿದೆ: ಒಂದು ಮೂಟೆ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿಗೆ) ಬಿದ್ದ ಅಸಲು ಖರ್ಚಿನ ಲೆಕ್ಕ, ರೋಸ್ಟರ್‌ಗಳ ಜೊತೆ ನೇರ ವ್ಯವಹಾರ, ಪಂಪ್‌ಸೆಟ್ಟಿನ ಕರೆಂಟು ಉಳಿತಾಯ. ಮೊದಲನೆಯದು ಬ್ಯಾಂಕಿನಲ್ಲಿದ್ದವರಿಗೆ, ಕೊನೆಯದು ಎಲೆಕ್ಟ್ರಿಕಲ್ ಕಲಿತವರಿಗೆ ಕೈಗೆ ಹತ್ತಿರದ ಕೆಲಸ.

ಇನ್ನೊಂದು ಭ್ರಮೆ ಹಣದ್ದು. ತೋಟದ ಆದಾಯಕ್ಕೆ ಕೃಷಿಯ ವಿನಾಯಿತಿ ಇರುವುದರಿಂದ ತೋಟದ ಸಲಹೆಯ ಫೀಸೂ ಹಾಗೆಯೇ ಎಂದುಕೊಂಡವರಿದ್ದಾರೆ. ಅಲ್ಲ. ಅದು ವೃತ್ತಿಯ ಆದಾಯ, ತೆರಿಗೆಯ ಲೆಕ್ಕಕ್ಕೆ ಬರುತ್ತದೆ.

ಇನ್ನು ಕಂಪ್ಯೂಟರ್ ಕುಟ್ಟುವವರ ವಿಷಯ. ಅವರಿಗೂ ಇಲ್ಲಿ ಕೆಲಸವಿದೆ, ಯುರೋಪಿನ ಒಂದು ಕಾನೂನಿನ ದೆಸೆಯಿಂದ. ಕಾಡು ಕಡಿದು ಬೆಳೆದ ಕಾಫಿಯನ್ನು ಒಳಗೆ ಬಿಡುವುದಿಲ್ಲವೆಂದು ಐರೋಪ್ಯ ಒಕ್ಕೂಟ 2023ರಲ್ಲಿ ಕಾನೂನು ತಂದಿತು. ಜಾರಿಯನ್ನು ಮುಂದೂಡುತ್ತ ಬಂದಿದ್ದರೂ ಷರತ್ತು ಸ್ಪಷ್ಟ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಬೆಳೆ ಆಗದು. ಯಾವ ಮೂಟೆ ಯಾವ ತೋಟದ್ದೆಂದು ನಕ್ಷೆಯಲ್ಲಿ ತೋರಿಸಬೇಕು. 4 ಹೆಕ್ಟೇರಿನೊಳಗಿನ ತೋಟಕ್ಕೆ ಒಂದು ಬಿಂದು ಸಾಕು, ಅದಕ್ಕಿಂತ ದೊಡ್ಡದಕ್ಕೆ ಬೇಲಿಯ ಗುಂಟ ಗೆರೆಯೇ ಬೇಕು. ಭಾರತದ ಕಾಫಿಗೆ ಇಟಲಿಯಂಥ ದೊಡ್ಡ ಗಿರಾಕಿಗಳು ಇರುವುದು ಆ ಒಕ್ಕೂಟದಲ್ಲೇ. ಸಿಲ್ವರ್ ಓಕ್ ನೆರಳಿನ ಹಸಿರು ಯಾವುದು, ಕಾಡಿನ ಹಸಿರು ಯಾವುದು ಎಂದು ಉಪಗ್ರಹ ಚಿತ್ರದಲ್ಲಿ ಬಿಡಿಸಿ ಹೇಳಬಲ್ಲವರು ಊರಿನಲ್ಲಿ ಎಷ್ಟು ಜನ? ಅತ್ತಿಗುಂಡಿಯಂಥ ಇಳಿಜಾರಿನಲ್ಲಿ ಜಿಪಿಎಸ್ ಹಿಡಿದು ಬೇಲಿ ಸುತ್ತುವವರಿಗೆ ಗಡಿಕಲ್ಲು ತೋರಿಸಲು ಮತ್ತೆ ಮೇಸ್ತ್ರಿಯೇ ಜೊತೆಗಿರಬೇಕು, ಜಿಗಣೆಗೆ ಸುಣ್ಣ ಹಿಡಿದುಕೊಂಡು.