ಫ್ರೆಂಚ್ ಕ್ರಿಯಾರೂಪಗಳ ಉಚ್ಚಾರಾಂಶ ವಿಭಜನೆಯಲ್ಲಿ ಲುಪ್ತ ಶ್ವಾದ ಪಾತ್ರ

‘ಸೆದೆ’ (ಬಿಟ್ಟುಕೊಡು), ‘ಲೆವೆ’ (ಎತ್ತು) ಮುಂತಾದ ಫ್ರೆಂಚ್ ಕ್ರಿಯಾಪದಗಳ ಧಾತುಸ್ವರವು ರೂಪದಿಂದ ರೂಪಕ್ಕೆ ಬದಲಾಗುವುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಕಾಗುಣಿತದ ನಿಯಮವೆಂದು ನಿರೂಪಿಸುತ್ತವೆ. ಈ ಬದಲಾವಣೆಗೆ ಉಚ್ಚಾರಾಂಶ ರಚನೆಯೇ ಕಾರಣ. ಆದರೆ ಕಿವಿಗೆ ಕೇಳಿಸುವ ಉಚ್ಚಾರಾಂಶವೊಂದೇ ಅದನ್ನು ವಿವರಿಸಲಾರದು ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಸಂವೃತ ಮತ್ತು ವಿವೃತ ‘ಎ’ಕಾರಗಳನ್ನು ಕನ್ನಡ ಲಿಪಿ ಪ್ರತ್ಯೇಕಿಸದ ಕಾರಣ, ಇಲ್ಲಿ ಅವುಗಳ ಭೇದವನ್ನು ವಿಶೇಷಣಗಳಿಂದ ಸೂಚಿಸಲಾಗಿದೆ.

ವರ್ತಮಾನಕಾಲದ ಉತ್ತಮ ಪುರುಷ ಬಹುವಚನದಲ್ಲಿ ಪ್ರತ್ಯಯವು ಉಚ್ಚರಿತವಾಗುತ್ತದೆ. ಧಾತುವಿನ ಅಂತ್ಯವ್ಯಂಜನ ಅದರೊಡನೆ ಸೇರಿ ‘ಸೆ-ದೋಂ’, ‘ಲೆ-ವೋಂ’ ಎಂಬ ವಿಭಜನೆ ದೊರೆಯುತ್ತದೆ. ಮೊದಲ ಉಚ್ಚಾರಾಂಶ ಸ್ವರಾಂತ. ಅದರ ಸ್ವರ ಮೊದಲನೆಯದರಲ್ಲಿ ಸಂವೃತ ‘ಎ’, ಎರಡನೆಯದರಲ್ಲಿ ಶ್ವಾ. ಏಕವಚನದಲ್ಲಿ ಪ್ರತ್ಯಯ ಬರಹದಲ್ಲಷ್ಟೇ ಉಳಿಯುವುದರಿಂದ ಧಾತುವ್ಯಂಜನ ಹಿಂದಿನ ಸ್ವರವನ್ನೇ ಆಶ್ರಯಿಸುತ್ತದೆ. ಹೀಗೆ ದೊರೆಯುವ ‘ಸೆದ್’, ‘ಲೆವ್’ ರೂಪಗಳೆರಡರಲ್ಲೂ ಸ್ವರ ವಿವೃತ. ಪ್ರಮಾಣ ಫ್ರೆಂಚಿನ ವ್ಯಂಜನಾಂತ ಉಚ್ಚಾರಾಂಶದಲ್ಲಿ ಸಂವೃತ ‘ಎ’ಗಾಗಲಿ ಶ್ವಾಕ್ಕಾಗಲಿ ಸ್ಥಾನವಿಲ್ಲ.

ಭವಿಷ್ಯತ್ಕಾಲದ ಪ್ರಥಮ ಪುರುಷ ಏಕವಚನವಾದ ‘ಸೆದ್ರಾ’ದಲ್ಲಿ ಸಮಸ್ಯೆ ತಲೆದೋರುತ್ತದೆ. ‘ದ್ರ್’ ಎಂಬುದು ಫ್ರೆಂಚಿನಲ್ಲಿ ಉಚ್ಚಾರಾಂಶದ ಆದಿಯಲ್ಲಿ ಬರಬಲ್ಲ ವ್ಯಂಜನಗುಚ್ಛ. ಆದಕಾರಣ ‘ಸೆ-ದ್ರಾ’ ಎಂದು ವಿಭಜನೆಯಾಗಿ ಮೊದಲ ಸ್ವರ ಸಂವೃತವಾಗಬೇಕಿತ್ತು. ಮಾದಳದ ಹಣ್ಣನ್ನು ಸೂಚಿಸುವ ‘ಸೆದ್ರಾ’ ಎಂಬ ನಾಮಪದದಲ್ಲಿ ಅದು ಹಾಗೆಯೇ ಇದೆ. ಕ್ರಿಯಾರೂಪದ ಪ್ರಮಾಣ ಉಚ್ಚಾರಣೆಯಲ್ಲಾದರೋ ಸ್ವರ ವಿವೃತ. ಕ್ರಿಯಾರೂಪದ ದಕಾರ ರಕಾರಗಳ ನಡುವೆ ಲುಪ್ತ ಶ್ವಾ ಇದೆ, ನಾಮಪದದಲ್ಲಿ ಇಲ್ಲ. ಭೇದದ ಮೂಲ ಇದೇ. ಈ ಶ್ವಾ ಕೇವಲ ವಿಶ್ಲೇಷಕರ ಕಲ್ಪನೆಯಲ್ಲ. ದಕ್ಷಿಣ ಫ್ರಾನ್ಸಿನ ಸಾಂಪ್ರದಾಯಿಕ ಉಚ್ಚಾರಣೆಯಲ್ಲಿ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಅದರ ಹಿಂದಿನ ಉಚ್ಚಾರಾಂಶ ಸ್ವರಾಂತವಾಗಿದ್ದರೂ ಸ್ವರ ವಿವೃತವಾಗಿಯೇ ಇರುತ್ತದೆ.

ಕಾಗುಣಿತವೂ ಈ ತಥ್ಯವನ್ನು ತಡವಾಗಿ ಗುರುತಿಸಿತು. ‘ಲೆವ್ರಾ’ ರೂಪಕ್ಕೆ ವಿವೃತತೆಯ ಗ್ರಾವ್ ಚಿಹ್ನೆ ಮೊದಲೇ ಇತ್ತು. ‘ಸೆದ್ರಾ’ ರೂಪಕ್ಕೆ ಸಂವೃತತೆಯ ಎಗ್ಯು ಚಿಹ್ನೆಯೇ ಉಳಿದಿತ್ತು. 1990ರ ಡಿಸೆಂಬರ್ 6ರಂದು ಫ್ರಾನ್ಸಿನ ಅಧಿಕೃತ ರಾಜಪತ್ರದಲ್ಲಿ ಪ್ರಕಟವಾದ ಪರಿಷ್ಕರಣೆಗಳು ಎರಡನೆಯ ವರ್ಗದ ಭವಿಷ್ಯತ್ ರೂಪಗಳಿಗೂ ಗ್ರಾವ್ ಚಿಹ್ನೆಯನ್ನು ಸೂಚಿಸಿದವು. ಹಳೆಯ ಬರಹ ದೋಷವೆನಿಸಲಿಲ್ಲ.

ಆದ್ದರಿಂದ ವಿಶ್ಲೇಷಣೆಯ ಕ್ರಮ ಮುಖ್ಯವಾಗುತ್ತದೆ: ಮೊದಲು ಶ್ವಾಸಹಿತ ರೂಪದ ವಿಭಜನೆ, ಅನಂತರ ಸ್ವರಗುಣದ ನಿರ್ಣಯ, ಕೊನೆಗೆ ಶ್ವಾಲೋಪ. ಕ್ರಮ ತಪ್ಪಿದರೆ ಕ್ರಿಯಾರೂಪಕ್ಕೂ ಹಣ್ಣಿನ ಹೆಸರಿಗೂ ಇರುವ ವ್ಯತ್ಯಾಸ ಅಪವಾದವಾಗಿ ತೋರುತ್ತದೆ. ಕ್ರಮವನ್ನು ಪಾಲಿಸಿದರೆ ಅದೇ ನಿಯಮಕ್ಕೆ ಸಾಕ್ಷಿಯಾಗುತ್ತದೆ.