ಜಪಾನಿನಲ್ಲಿ ಇಂಗ್ಲಿಷ್ ಪಾಠ

ನಾವು ಬಸ್ಸು, ಗ್ಲಾಸು, ಬೆಂಚು ಎನ್ನುತ್ತೇವೆ. ವ್ಯಂಜನಕ್ಕೇ ನಿಂತುಬಿಡುವ ಈ ಇಂಗ್ಲಿಷ್ ಪದಗಳಿಗೆ ಕೊನೆಯಲ್ಲೊಂದು ಉಕಾರವನ್ನು ಸೇರಿಸದ ಹೊರತು ಕನ್ನಡಿಗನ ನಾಲಗೆಗೆ ಸಮಾಧಾನವಿಲ್ಲ. ಈ ವಿಷಯದಲ್ಲಿ ನಮಗೆ ಬಹು ದೂರದಲ್ಲೊಬ್ಬ ಸಂಗಾತಿಯಿದ್ದಾನೆ. ಜಪಾನೀಯನಿಗೂ ಬಸ್ಸು ‘ಬಸು’, ಗ್ಲಾಸು ‘ಗುರಸು’, ಬೆಂಚು ‘ಬೆಂಚಿ’. ನಾವು ಕೊನೆಗೆ ಮಾತ್ರ ಸ್ವರ ಕೂಡಿಸಿದರೆ ಅವನು ನಡುನಡುವೆಯೂ ಕೂಡಿಸುತ್ತಾನೆ; ‘ಸ್ಟ್ರೈಕ್’ ಎಂಬ ಒಂದೇ ಉಸಿರಿನ ಮಾತು ಅವನ ಬಾಯಲ್ಲಿ ‘ಸುತೊರೈಕು’ ಆಗುತ್ತದೆ. ಲಕಾರ ರಕಾರಗಳ ಭೇದವಂತೂ ಅವನ ಭಾಷೆಯಲ್ಲಿಲ್ಲ. ಇಂಗ್ಲಿಷಿನಲ್ಲಿ ‘ರೈಸ್’ ಎಂದರೆ ಅನ್ನ, ‘ಲೈಸ್’ ಎಂದರೆ ಹೇನು. ಮೇಷ್ಟರ ಸಂಕಟವನ್ನು ಓದುಗರೇ ಊಹಿಸಿಕೊಳ್ಳಬಹುದು.

ಆದರೆ ಉಚ್ಚಾರಣೆ ಚಿಕ್ಕ ತೊಡಕು. ದೊಡ್ಡ ತೊಡಕೆಂದರೆ ಮೌನ. ಪರದೇಶದಿಂದ ಬಂದ ಉಪಾಧ್ಯಾಯ ಪ್ರಶ್ನೆ ಹಾಕುತ್ತಾನೆ. ಉತ್ತರವಿಲ್ಲ. ಹುಡುಗ ತಲೆ ತಗ್ಗಿಸುತ್ತಾನೆ, ಪಕ್ಕದವನ ಮುಖ ನೋಡುತ್ತಾನೆ. ಅವನು ಓದಿಲ್ಲವೆಂದು ತಿಳಿದರೆ ತಪ್ಪಾದೀತು. ನಾಲ್ವರೆದುರಿಗೆ ತಪ್ಪಾಡುವುದಕ್ಕಿಂತ ಸುಮ್ಮನಿರುವುದೇ ಲೇಸೆಂಬುದು ಅವನ ಎಣಿಕೆ. ಅದೇ ಹುಡುಗ ಕಾಗದದ ಮೇಲೆ ಎಂಥ ಕ್ಲಿಷ್ಟ ವಾಕ್ಯವನ್ನಾದರೂ ಜಪಾನಿಗೆ ತಿರುಗಿಸಿಯಾನು.

ಇದಕ್ಕೆ ಹಳೆಯದೊಂದು ಕಾರಣವುಂಟು. ಶತಮಾನಗಳ ಕಾಲ ಜಪಾನೀಯರು ಚೀನೀ ಗ್ರಂಥಗಳ ಪದಗಳಿಗೆ ಗುರುತು ಹಾಕಿಕೊಂಡು, ಕ್ರಮವನ್ನು ಹಿಂದುಮುಂದಾಗಿಸಿ, ತಮ್ಮ ಭಾಷೆಯಲ್ಲೇ ಓದುತ್ತಿದ್ದರು. ಇಂಗ್ಲಿಷಿಗೂ ಅದೇ ಉಪಾಯವನ್ನು ಹೂಡಿದರು. ‘ಯಾಕುದೊಕು’ ಎಂದು ಅದರ ಹೆಸರು. ಕನ್ನಡದಂತೆ ಅವರಲ್ಲೂ ಕ್ರಿಯಾಪದ ಕೊನೆಗೆ ಬರುತ್ತದಾಗಿ ಇಂಗ್ಲಿಷ್ ವಾಕ್ಯವನ್ನು ಬಾಲದಿಂದ ಹಿಡಿದು ಬರಬೇಕು. ಇದು ಕಣ್ಣಿಗೆ ಸಾಧ್ಯ, ಕಿವಿಗೆ ಸಾಧ್ಯವಿಲ್ಲ. ಆಡಿದ ಮಾತು ಹಿಂದಕ್ಕೆ ಬರುವುದಿಲ್ಲವಷ್ಟೆ! 1922ರಲ್ಲಿ ಇಂಗ್ಲೆಂಡಿನಿಂದ ಹೋದ ಹೆರಾಲ್ಡ್ ಪಾಮರ್, ಮೊದಲು ಕೇಳಿಸಿ, ಆಮೇಲೆ ಆಡಿಸಿ, ಪುಸ್ತಕ ಅನಂತರ ಎಂದು ಹದಿನಾಲ್ಕು ವರ್ಷ ಬೋಧಿಸಿದರು. ಪ್ರವೇಶ ಪರೀಕ್ಷೆ ಮಾತ್ರ ಬರವಣಿಗೆಯದಾಗಿಯೇ ಉಳಿಯಿತು.

1987ರಲ್ಲಿ ಸರ್ಕಾರ ಜೆಟ್ ಯೋಜನೆಯನ್ನು ಆರಂಭಿಸಿ, ನಾಲ್ಕು ದೇಶಗಳಿಂದ 848 ಮಂದಿಯನ್ನು ಕರೆಸಿತು. ಹೆಚ್ಚಿನವರು ಆಗತಾನೇ ಪದವಿ ಪಡೆದ ತರುಣರು. ಒಂದು ತರಗತಿಗೆ ಇಬ್ಬರು ಮೇಷ್ಟರು! ವ್ಯಾಕರಣವನ್ನು ಅರೆದು ಕುಡಿದ ಜಪಾನೀ ಉಪಾಧ್ಯಾಯರು ಮಕ್ಕಳೆದುರಿಗೆ ಬಾಯಿ ತೆರೆಯಲು ಅಳುಕುವರು. ಪಕ್ಕದಲ್ಲಿ ನಿಂತ ತರುಣನಿಗೋ ಮಾತು ಸಲೀಸು; ಈ ವಾಕ್ಯ ಹೀಗೇಕೆಂದು ಕೇಳಿದರೆ ಅವನೇ ತಡವರಿಸುವನು. ಇಬ್ಬರಲ್ಲಿ ಯಾರ ಮುಜುಗರ ಹೆಚ್ಚಿನದೆಂದು ಹೇಳುವುದು ಕಷ್ಟ.

ಇವರಿಗೆಲ್ಲ ಮೊದಲು, 1890ರಲ್ಲಿ, ಲಾಫ್ಕಾಡಿಯೊ ಹರ್ನ್ ಮತ್ಸುಯೆ ಊರಿನ ಶಾಲೆಗೆ ಉಪಾಧ್ಯಾಯರಾಗಿ ಬಂದಿದ್ದರು. 1896ರಿಂದ ತೋಕಿಯೊ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಬೋಧಿಸುವಾಗ, ಕೇಳುವವರು ಅಕ್ಷರ ಬಿಡದಂತೆ ಬರೆದುಕೊಳ್ಳಲೆಂದು ನಿಧಾನವಾಗಿ, ಸರಳವಾಗಿ ಮಾತನಾಡುತ್ತಿದ್ದರು. 1903ರಲ್ಲಿ ಆ ಹುದ್ದೆ ಕೈತಪ್ಪಿದಾಗ ವಿದ್ಯಾರ್ಥಿಗಳೇ ಪ್ರತಿಭಟಿಸಿದರು. ಮರುವರ್ಷ ಹರ್ನ್ ತೀರಿಕೊಂಡರು. ಅವರ ಉಪನ್ಯಾಸಗಳು ಅನಂತರ ಅಚ್ಚಾದದ್ದು ಆ ವಿದ್ಯಾರ್ಥಿಗಳ ಟಿಪ್ಪಣಿ ಪುಸ್ತಕಗಳಿಂದ.