ಮಾರೋ ಮುಂಚೆ ನಿಮ್ಮ ಒಲೆ ಮೇಲಿಡಿ: ನವಣೆ, ಸಜ್ಜೆ, ಶೇಂಗಾದ ಮೂರು ಮನೆ ಅಡುಗೆ



ಈ ವಾರ ಗೊಬ್ಬರ, ಕೀಟದ ಮಾತು ಬಿಟ್ಟು ಅಡುಗೆ ಮನೆಗೆ ಹೋಗೋಣ. ಅದಕ್ಕೊಂದು ಕಾರಣ ಇದೆ.

ರಾಂಪುರದ ನಮ್ಮ ಹೊಲದಲ್ಲಿ ಮೊದಲ ಸಲ ಸಾವಯವ ನವಣೆ ಬೆಳೆದಾಗ, ಸುಗ್ಗಿ ಮುಗಿದ ಕೂಡಲೇ ಅಷ್ಟನ್ನೂ ಒಂದೇ ಸಲ ಅಕ್ಕಿ ಮಾಡಿಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದೆ. ವಾಟ್ಸಾಪ್‌ನಲ್ಲೇ ಗಿರಾಕಿಗಳು ಸಿಕ್ಕಿದ್ರು. ಬೇಸಿಗೆಯಲ್ಲಿ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿ, "ನಿಮ್ಮ ನವಣೆ ಅನ್ನ ಕಹಿ ಬರ್ತಿದೆ, ಬಾಯಿಗೆ ಕಲ್ಲೂ ಸಿಗ್ತಿದೆ. ನೀವು ಹೇಗೆ ಮಾಡ್ಕೊಂಡು ತಿಂತೀರಿ?" ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ನಮ್ಮ ಮನೇಲಿ ದಿನಾ ಬೇಯ್ತಿದ್ದದ್ದು ಸೊಸೈಟಿ ಅಕ್ಕಿ! ಆ ವರ್ಷ ನಾಲ್ಕು ಒಳ್ಳೆ ಗಿರಾಕಿಗಳು ಕೈಬಿಟ್ಟರು.

"ಬೆಳ್ಯೋಕೆ ಬರುತ್ತೆ, ಬೇಯ್ಸೋಕೆ ಬರಲ್ವೇನೋ?" ಅಂತ ಅವ್ವ ನಕ್ಕಳು. ಅವತ್ತೇ ಒಲೆ ಮುಂದೆ ಕೂತೆ. ತೋಟಗಾರಿಕೆ ಪದವಿಯಲ್ಲಿ ಕಲಿಯದ ಒಂದಷ್ಟು ಪಾಠ ಅಲ್ಲಿ ಸಿಕ್ತು.

1. ನವಣೆ ಹುಗ್ಗಿ

ಒಂದು ಲೋಟ ನವಣೆ ಅಕ್ಕಿ ತೊಳೆದು ಅರ್ಧ ಗಂಟೆ ನೆನೆಸಿ. ಅರ್ಧ ಲೋಟ ಹೆಸರುಬೇಳೆಯನ್ನು ಘಮ ಬರೋವರೆಗೆ ಹುರಿಯಿರಿ. ಕುಕ್ಕರ್‌ನಲ್ಲಿ ತುಪ್ಪ ಬಿಸಿ ಮಾಡಿ ಜೀರಿಗೆ, ಜಜ್ಜಿದ ಮೆಣಸು, ಶುಂಠಿ, ಚಿಟಿಕೆ ಅರಿಶಿನ ಹಾಕಿ. ಅಕ್ಕಿ, ಬೇಳೆ, ಉಪ್ಪು, ಐದು ಲೋಟ ನೀರು ಸೇರಿಸಿ ಮೂರು ಸೀಟಿ ಕೂಗಿಸಿ. ಮಳೆ ಹಿಡಿದ ರಾತ್ರಿ ಹೊಲದಿಂದ ನೆನೆದು ಬಂದವರಿಗೆ ಇದಕ್ಕಿಂತ ಹಿತವಾದ ಊಟ ನನಗಂತೂ ಗೊತ್ತಿಲ್ಲ.

ನನ್ನ ಮೊದಲ ಹುಗ್ಗಿಯೂ ಕಹಿಯಾಯ್ತು. ಅವ್ವ ಬಿತ್ತನೆಗೆ ಎತ್ತಿಟ್ಟಿದ್ದ ಕಾಳಲ್ಲಿ ಒಂದು ಸೇರು ತೆಗೆದು, ಹೊಸದಾಗಿ ಅಕ್ಕಿ ಮಾಡಿಸಿ ಬೇಯಿಸಿದೆ. ಅದು ಸಿಹಿ! ಬೆಳೆ ಒಂದೇ, ಹೊಲ ಒಂದೇ. ವ್ಯತ್ಯಾಸ ಇದ್ದದ್ದು ಹೊಟ್ಟಿನಲ್ಲಿ. ನವಣೆಯ ತವುಡಿನಲ್ಲಿ ಎಣ್ಣೆ ಅಂಶ ಇರುತ್ತೆ. ಹೊಟ್ಟು ತೆಗೆದ ಮೇಲೆ ಅದಕ್ಕೆ ಗಾಳಿ, ಬಿಸಿ ತಾಗಿ ನಿಧಾನಕ್ಕೆ ಕಮಟು ಹಿಡಿಯುತ್ತೆ. ಆದ್ದರಿಂದ ಕಾಳಾಗಿಯೇ ಇಡಿ, ಆರ್ಡರ್ ಬಂದಷ್ಟೇ ಅಕ್ಕಿ ಮಾಡಿಸಿ. ಕಲ್ಲು ಬಂದದ್ದು ಮಣ್ಣಿನ ಕಣದಿಂದ. ಈಗ ನಾನು ಟಾರ್ಪಾಲ್ ಹಾಸಿಯೇ ಒಕ್ಕಣೆ ಮಾಡ್ತೀನಿ.

2. ಸಜ್ಜೆ ರೊಟ್ಟಿ

ಸಜ್ಜೆ ಹಿಟ್ಟಿಗೆ ಗೋಧಿಯ ಹಾಗೆ ಅಂಟು ಇಲ್ಲ. ತಣ್ಣೀರಲ್ಲಿ ಕಲಸಿದ್ರೆ ರೊಟ್ಟಿ ಬಿರಿಯುತ್ತೆ. ಉಪ್ಪು ಹಾಕಿದ ಕುದಿಯೋ ನೀರನ್ನು ಹಿಟ್ಟಿಗೆ ಸುರಿದು, ಕೈ ತಡೆಯುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ಬಿಸಿಗೆ ಹಿಟ್ಟಿನ ಪಿಷ್ಟ ಬೆಂದು ಹಿಡಿತ ಕೊಡುತ್ತೆ. ತಟ್ಟಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ತಿರುವಿ ಹಾಕಿ ಬೇಯಿಸಿ. ನನ್ನ ಮೊದಲ ಐದಾರು ರೊಟ್ಟಿ ಎಮ್ಮೆ ಪಾಲಾದವು, ಬೇಜಾರಾಗಬೇಡಿ.

ಸಜ್ಜೆ ಹಿಟ್ಟು ನವಣೆ ಅಕ್ಕಿಗಿಂತ ಬೇಗ ಕೆಡುತ್ತೆ. ಬೀಸಿದಾಗ ಕಾಳಿನ ಎಣ್ಣೆ, ಅದನ್ನು ಒಡೆಯುವ ಕಿಣ್ವ ಎರಡೂ ಒಂದಾಗ್ತವೆ. ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಹಿಟ್ಟು ಮಾರೋ ಯೋಚನೆ ಇದ್ರೆ, ಕಾಳನ್ನು ಬಟ್ಟೆಯಲ್ಲಿ ಕಟ್ಟಿ ಕುದಿಯೋ ನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು, ಪೂರ್ತಿ ಒಣಗಿಸಿ ಆಮೇಲೆ ಬೀಸಿಸಿ. ಆ ಬಿಸಿಗೆ ಕಿಣ್ವದ ಶಕ್ತಿ ಕುಂದುತ್ತೆ, ಹಿಟ್ಟು ಹೆಚ್ಚು ದಿನ ತಾಳುತ್ತೆ.

3. ಶೇಂಗಾ ಚಟ್ನಿ ಪುಡಿ

ಚಳ್ಳಕೆರೆಗೆ ಎಣ್ಣೆ ನಗರ ಅನ್ನೋ ಹೆಸರು ತಂದ ಬೆಳೆ ಇದು. ಎರಡು ಲೋಟ ಶೇಂಗಾ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿ. ಹುರಿದ ಎಂಟು ಬ್ಯಾಡಗಿ ಮೆಣಸಿನಕಾಯಿ, ಹತ್ತು ಎಸಳು ಬೆಳ್ಳುಳ್ಳಿ, ಜೀರಿಗೆ, ಸ್ವಲ್ಪ ಹುಣಸೆ, ಉಪ್ಪು ಸೇರಿಸಿ ಒರಳಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿ ಆದ್ರೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತೆ.

ಹುರಿಯೋ ಮುಂಚೆ ಬೀಜ ಆರಿಸೋದು ಮುಖ್ಯ. ಹಸಿರು ಬೂಷ್ಟು ಹಿಡಿದ, ಮುರುಟಿದ, ಬಣ್ಣಗೆಟ್ಟ ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು. ಇದು ಲಿವರ್‌ಗೆ ಹಾನಿ ಮಾಡುತ್ತೆ, ಹುರಿದ್ರೂ ಪೂರ್ತಿ ಹೋಗಲ್ಲ. "ಎಮ್ಮೆಗೆ ಹಾಕಿದ್ರಾಯ್ತು" ಅನ್ನಬೇಡಿ, ಹಾಲಿನಲ್ಲೂ ಬರುತ್ತೆ. ಕಿತ್ತ ಕಾಯಿಯನ್ನು ಅಲ್ಲಾಡಿಸಿದಾಗ ಬೀಜ ಗಲಗಲ ಅನ್ನೋವರೆಗೆ ಒಣಗಿಸಿ, ಗಾಳಿಯಾಡುವ ಗೋಣಿಚೀಲದಲ್ಲಿ, ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ. ಸಿಪ್ಪೆ ಸಮೇತ ಇಟ್ಟರೆ ಶೇಂಗಾನೂ ಚೆನ್ನಾಗಿ ಉಳಿಯುತ್ತೆ.

ಈಗ ನಾನು ಪ್ರತಿ ಚೀಲದ ಮೇಲೆ ಅಕ್ಕಿ ಮಾಡಿಸಿದ ದಿನಾಂಕ ಬರೀತೀನಿ. ಜೊತೆಗೆ ಹುಗ್ಗಿ ಮಾಡೋದು ಹೇಗೆ ಅಂತ ಅವ್ವನ ದನಿಯಲ್ಲೇ ಒಂದು ವಾಯ್ಸ್ ಮೆಸೇಜ್ ಕಳಿಸ್ತೀನಿ. ಬಿಟ್ಟುಹೋದ ನಾಲ್ವರಲ್ಲಿ ಇಬ್ಬರು ವಾಪಸ್ ಬಂದಿದ್ದಾರೆ.

ಈ ವಾರ ನಿಮಗೊಂದು ಕೆಲಸ: ಮಾರೋಕೆ ಇಟ್ಟಿರೋ ಚೀಲದಿಂದಲೇ ಒಂದು ಲೋಟ ತೆಗೆದು ಬೇಯಿಸಿ, ಮನೆಯವರ ಜೊತೆ ಕೂತು ಉಣ್ಣಿ. ನಿಮ್ಮ ಮಗು ಎರಡನೇ ಸಲ ಹಾಕಿಸ್ಕೊಂಡ್ರೆ, ಆ ಮಾಲು ಧೈರ್ಯವಾಗಿ ಗಿರಾಕಿಗೆ ಕಳಿಸಿ.